ಡಿಸ್ಕ್ ಇದೆ, ಸರ್ವರ್‌ಗೆ ಕಾಣುತ್ತಿಲ್ಲ

"ಡಿಸ್ಕೇ ತೋರಿಸ್ತಿಲ್ಲ ಸಾರ್." ಹಾಸನದ ಕಡೆಯ ಒಂದು ಪತ್ತಿನ ಸಹಕಾರ ಸಂಘದ ಕಾರ್ಯದರ್ಶಿ ಶನಿವಾರ ರಾತ್ರಿ ಎಂಟರ ಹೊತ್ತಿಗೆ ಫೋನ್ ಮಾಡಿ ಹೇಳಿದ ಮೊದಲ ಮಾತಿದು. ಸಂಘದ ಹಳೆಯ ಕಂಪ್ಯೂಟರ್ ಸೋತುಹೋಗಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಬಳಸಿದ ಸರ್ವರ್ ಒಂದನ್ನು ತಂದಿದ್ದರು. ಒಳಗೆ 2 ಟಿಬಿಯ ನಾಲ್ಕು ಡಿಸ್ಕ್. ಸೋಮವಾರ ಬೆಳಿಗ್ಗೆ ಕೌಂಟರ್ ತೆರೆಯುವಷ್ಟರಲ್ಲಿ ಲಿನಕ್ಸ್ ಹಾಕಿ, ಲೆಕ್ಕಪತ್ರದ ಸಾಫ್ಟ್‌ವೇರ್ ಕೂರಿಸಬೇಕಿತ್ತು. ಇನ್‌ಸ್ಟಾಲರ್ ಭಾಷೆ ಕೇಳಿತು, ಕೀಬೋರ್ಡ್ ಕೇಳಿತು, ಊರು ಕೇಳಿತು; ಎಲ್ಲಿಗೆ ಇನ್‌ಸ್ಟಾಲ್ ಮಾಡಲಿ ಎಂದು ಕೇಳುವ ಪರದೆ ಬಂದಾಗ ಡಿಸ್ಕಿನ ಪಟ್ಟಿ ಪೂರಾ ಖಾಲಿ. ಮುಂದೆ ನೋಡಿದರೆ ನಾಲ್ಕೂ ಟ್ರೇಗಳಲ್ಲಿ ಹಸಿರು ದೀಪ ಸಲೀಸಾಗಿ ಉರಿಯುತ್ತಿದೆ. "ನಾಲ್ಕಕ್ಕೆ ನಾಲ್ಕೂ ಒಟ್ಟಿಗೇ ಹೋಗೋಕೆ ಸಾಧ್ಯನಾ ಸಾರ್?" ಎಂದು ಅವರು ಕೇಳಿದರು.

ಕೇಳಬೇಕಾದ ಸರಿಯಾದ ಪ್ರಶ್ನೆಯೇ ಅದು. ನಾಲ್ಕು ಡಿಸ್ಕ್ ಒಂದೇ ರಾತ್ರಿ ಕೆಡುವುದು ತೀರಾ ಅಪರೂಪ. ನಾಲ್ಕೂ ಒಟ್ಟಿಗೆ ಕಣ್ಮರೆಯಾದರೆ ದೋಷ ಡಿಸ್ಕಿನದಲ್ಲ, ಡಿಸ್ಕಿಗೂ ಆಪರೇಟಿಂಗ್ ಸಿಸ್ಟಮ್‌ಗೂ ನಡುವೆ ಎಲ್ಲೋ ಇದೆ ಎಂದು ಹಿಡಿದು ಹೊರಡಬೇಕು. ಇದೇ ಪ್ರಶ್ನೆ ಶಾಲೆಯ ಲ್ಯಾಬ್‌ನಿಂದ, ನರ್ಸಿಂಗ್ ಹೋಮ್‌ನಿಂದ, ಮುದ್ರಣಾಲಯದಿಂದ, ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊದಿಂದ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಡಿಸ್ಕ್ ಕೆಟ್ಟಿದೆಯೆಂದು ತಾವೇ ತೀರ್ಮಾನಿಸಿ ಹೊಸ ಡಿಸ್ಕ್ ಕೊಂಡವರಿದ್ದಾರೆ. ಇನ್ನೂ ಕೆಟ್ಟದ್ದು, ಚೆನ್ನಾಗಿದ್ದ ಡಿಸ್ಕಿನೊಳಗಿನ ದಾಖಲೆಗಳನ್ನು ಗಾಬರಿಯಲ್ಲಿ ತಾವೇ ಅಳಿಸಿಕೊಂಡವರೂ ಇದ್ದಾರೆ. ಈ ವಾರ ಆ ನಡುವಿನ ಜಾಗದ ವಿಚಾರವನ್ನೇ ಬರೆಯುತ್ತೇನೆ. ಸರ್ವರ್‌ಗಳಲ್ಲಿ ಸಾಮಾನ್ಯವಾಗಿ ಆ ಜಾಗದಲ್ಲಿ ಕೂತಿರುವುದು ರೇಡ್ ಎಂಬ ಏರ್ಪಾಡು.

ಅಮೆರಿಕದ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಪ್ಯಾಟರ್‌ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕ್ಯಾಟ್ಜ್ ಎಂಬ ಮೂವರು 1988ರಲ್ಲಿ ಮಂಡಿಸಿದ ಪ್ರಬಂಧದಿಂದ 'ರೇಡ್' ಎಂಬ ಹೆಸರು ಬಳಕೆಗೆ ಬಂತು. ಆಗ ದೊಡ್ಡ ಡಿಸ್ಕ್ ಎಂದರೆ ದೊಡ್ಡ ಸಂಸ್ಥೆಗಳಿಗಷ್ಟೇ ಎಟುಕುವ ದುಬಾರಿ ಸರಕು. ಪಿಸಿಗಳಲ್ಲಿ ಬಳಸುವ ಅಗ್ಗದ ಚಿಕ್ಕ ಡಿಸ್ಕುಗಳನ್ನೇ ಹಲವನ್ನು ಸೇರಿಸಿ, ಒಂದು ಕೆಟ್ಟರೂ ಮಾಹಿತಿ ಉಳಿಯುವಂತೆ ಏರ್ಪಾಡು ಮಾಡಿದರೆ ದೊಡ್ಡ ಡಿಸ್ಕಿಗೆ ಸವಾಲು ಹಾಕಬಹುದು ಎಂಬುದು ಅವರ ವಾದ. ಇಂಗ್ಲಿಷಿನ ಆ ಹೆಸರಿನಲ್ಲಿದ್ದ 'ಐ' ಅಕ್ಷರಕ್ಕೆ ಮೊದಲು 'ಅಗ್ಗದ' ಎಂಬ ಅರ್ಥವಿತ್ತು. ಆಮೇಲೆ ಉದ್ಯಮದವರು ಅದನ್ನು 'ಸ್ವತಂತ್ರ' ಎಂದು ಬದಲಿಸಿಕೊಂಡರು. ಎರಡು ಡಿಸ್ಕಿನಲ್ಲಿ ಒಂದೇ ಮಾಹಿತಿಯ ಎರಡು ಪ್ರತಿ ಇಡುವುದು ರೇಡ್ 1. ಮೂರು ಅಥವಾ ಹೆಚ್ಚು ಡಿಸ್ಕುಗಳಲ್ಲಿ ಮಾಹಿತಿಯನ್ನೂ ಅದರ ತಾಳೆ ಲೆಕ್ಕವನ್ನೂ ಹಂಚಿಟ್ಟು, ಒಂದು ಹೋದರೆ ಉಳಿದವುಗಳಿಂದ ಅದನ್ನು ಮರಳಿ ಕಟ್ಟುವುದು ರೇಡ್ 5. ಎರಡು ಹೋದರೂ ತಡೆಯುವುದು ರೇಡ್ 6. ರೇಡ್ 0 ಮಾತ್ರ ವೇಗಕ್ಕಾಗಿ ಮಾಡಿದ್ದು, ಅದರಲ್ಲಿ ಯಾವ ರಕ್ಷಣೆಯೂ ಇಲ್ಲ.

ಇಷ್ಟನ್ನೂ ನಡೆಸುವುದು ಸರ್ವರ್ ಒಳಗಿನ ಒಂದು ಕಾರ್ಡ್. ರೇಡ್ ಕಂಟ್ರೋಲರ್ ಎನ್ನುತ್ತಾರೆ. ತುಂಬು ಕುಟುಂಬದಲ್ಲಿ ಅಣ್ಣತಮ್ಮಂದಿರು ನಾಲ್ವರಿದ್ದರೂ ಕಂದಾಯ, ಸಾಲ, ಬೀಗತನ ಎಲ್ಲದಕ್ಕೂ ಹೊರಗಿನವರ ಜೊತೆ ಮಾತಾಡುವವರು ಯಜಮಾನರೊಬ್ಬರೇ ಅಲ್ಲವೇ? ಹಾಗೆ ಇದು. ಡಿಸ್ಕುಗಳು ಕಾರ್ಡಿನ ಹಿಂದೆ ಒಳಮನೆಯಲ್ಲಿವೆ. ಆಪರೇಟಿಂಗ್ ಸಿಸ್ಟಮ್‌ಗೆ ಅವು ಒಂದೊಂದಾಗಿ ಕಾಣುವುದಿಲ್ಲ, ಕಾಣಬಾರದು ಕೂಡ. ಕಾರ್ಡ್ ಅವನ್ನೆಲ್ಲ ಸೇರಿಸಿ ಒಂದೇ ದೊಡ್ಡ ಡಿಸ್ಕ್ ಎಂಬಂತೆ ಮುಂದೆ ಇಡುತ್ತದೆ. ಅದಕ್ಕೆ ಒಂದು ಕಂಪನಿ ವರ್ಚುವಲ್ ಡಿಸ್ಕ್ ಎನ್ನುತ್ತದೆ, ಇನ್ನೊಂದು ಲಾಜಿಕಲ್ ಡ್ರೈವ್ ಎನ್ನುತ್ತದೆ. ಹಾಗಾಗಿ ಡಿಸ್ಕ್ ಕಾಣಬೇಕಾದರೆ ಎರಡು ಸಂಗತಿ ಕೂಡಿಬರಬೇಕು. ಕಾರ್ಡ್ ಆ ವರ್ಚುವಲ್ ಡಿಸ್ಕನ್ನು ಕಟ್ಟಿರಬೇಕು. ಕಾರ್ಡಿನ ಭಾಷೆ ಆಪರೇಟಿಂಗ್ ಸಿಸ್ಟಮ್‌ಗೆ ಬರಬೇಕು, ಅಂದರೆ ಅದಕ್ಕೆ ತಕ್ಕ ಡ್ರೈವರ್ ಇರಬೇಕು.

ಮೊದಲನೆಯದು ತಪ್ಪಿರುವ ಪ್ರಸಂಗಗಳು ನಾನು ಕಂಡಂತೆ ಬಹಳ. ಡಿಸ್ಕ್ ಟ್ರೇಗೆ ಹಾಕಿ ಒತ್ತಿದರೆ ಮುಗಿಯಿತು ಎಂದುಕೊಳ್ಳುತ್ತಾರೆ. ಮನೆಯ ಕಂಪ್ಯೂಟರಿನಲ್ಲಿ ಹಾಗೇ ಆಗುವುದರಿಂದ ಅದು ಸಹಜವೇ. ರೇಡ್ ಕಾರ್ಡಿನ ಮುಂದೆ ಅದು ನಡೆಯುವುದಿಲ್ಲ. ಸರ್ವರ್ ಶುರುವಾಗುವಾಗ ಕಾರ್ಡಿನ ಹೆಸರು ಪರದೆಯ ಮೇಲೆ ಕೆಲವು ಸೆಕೆಂಡು ನಿಂತು ಹೋಗುತ್ತದೆ. ಆಗ ಅದು ಹೇಳುವ ಕೀ ಒತ್ತಿ ಕಾರ್ಡಿನದೇ ಮೆನುವಿನೊಳಗೆ ಹೋಗಬೇಕು. ಡೆಲ್‌ನ ಹಳೆಯ ಕಾರ್ಡುಗಳಲ್ಲಿ ಕಂಟ್ರೋಲ್ ಮತ್ತು ಆರ್, ಎಚ್‌ಪಿಯ ಹಳೆಯ ಸ್ಮಾರ್ಟ್ ಅರೇಗಳಲ್ಲಿ ಎಫ್8. ಹೊಸ ಸರ್ವರ್‌ಗಳಲ್ಲಿ ಈ ಮೆನು ಯುಇಎಫ್‌ಐ ಸೆಟಪ್ಪಿನ ಒಳಗೇ ಇರುತ್ತದೆ. ಅಲ್ಲಿ ನಾಲ್ಕು ಡಿಸ್ಕ್ ಆರಿಸಿ, ರೇಡ್ ಬಗೆ ಆರಿಸಿ, ವರ್ಚುವಲ್ ಡಿಸ್ಕ್ ಕಟ್ಟಿ ಹೊರಬಂದರೆ ಅದೆಷ್ಟೋ ಸರ್ವರ್‌ಗಳ ಕಾಯಿಲೆ ಅಲ್ಲಿಗೇ ವಾಸಿ. ರೇಡ್ ಬೇಡ, ಡಿಸ್ಕುಗಳು ಬಿಡಿಬಿಡಿಯಾಗಿಯೇ ಕಾಣಲಿ ಎನ್ನುವವರು ಕಾರ್ಡಿನಲ್ಲಿ ಎಚ್‌ಬಿಎ ಅಥವಾ ಜೆಬಾಡ್ ಎಂಬ ಆಯ್ಕೆ ಇದೆಯೇ ನೋಡಬೇಕು. ಎಲ್ಲ ಕಾರ್ಡಿನಲ್ಲೂ ಅದಿಲ್ಲ.

ಸಂಘದ ಸರ್ವರ್‌ನಲ್ಲಿ ವರ್ಚುವಲ್ ಡಿಸ್ಕ್ ಕಟ್ಟುವ ಈ ಕೆಲಸ ಮೊದಲೇ ಆಗಿತ್ತು. ಫೋನಿನಲ್ಲೇ ಮೆನುವಿನೊಳಗೆ ಕರೆದುಕೊಂಡು ಹೋದೆ. ರೇಡ್ 5 ಕಟ್ಟಿತ್ತು, ಸ್ಥಿತಿ 'ಆಪ್ಟಿಮಲ್' ಎಂದಿತ್ತು. ಅಂದರೆ ಯಜಮಾನರು ಮನೆಯಲ್ಲೇ ಇದ್ದರು, ಬಾಗಿಲು ತಟ್ಟಿದವರಿಗೆ ಅವರ ಭಾಷೆ ಬರುತ್ತಿರಲಿಲ್ಲ.

ಇಂಥ ಕಡೆ ಊಹೆ ಮಾಡುತ್ತ ಕೂರುವ ಬದಲು ಯಂತ್ರವನ್ನೇ ಕೇಳುವುದು ಲೇಸು. ಲಿನಕ್ಸ್ ಇನ್‌ಸ್ಟಾಲ್ ಮಾಡುವಾಗ ನಡುವೆಯೇ ಕಮಾಂಡ್ ಪರದೆಗೆ ಹೋಗಬಹುದು. ಅಲ್ಲಿ 'ಎಲ್‌ಎಸ್‌ಪಿಸಿಐ' ಎಂಬ ಕಮಾಂಡ್ ಕೊಟ್ಟರೆ ಸರ್ವರ್ ಒಳಗಿನ ಕಾರ್ಡುಗಳ ಪಟ್ಟಿ ಬರುತ್ತದೆ. ಅದಕ್ಕೆ 'ಎನ್‌ಎನ್' ಮತ್ತು 'ಕೆ' ಎಂಬ ಎರಡು ಆಯ್ಕೆ ಸೇರಿಸಿದರೆ ಪ್ರತಿ ಕಾರ್ಡಿನ ಗುರುತಿನ ಸಂಖ್ಯೆಯೂ ಅದನ್ನು ನಡೆಸುತ್ತಿರುವ ಡ್ರೈವರ್‌ನ ಹೆಸರೂ ಸಿಗುತ್ತದೆ. ಗುರುತಿನ ಸಂಖ್ಯೆ ಎರಡು ಭಾಗದ್ದು: ಮೊದಲನೆಯದು ತಯಾರಕರದು, ಎರಡನೆಯದು ಮಾದರಿಯದು. ಇಂಟೆಲ್‌ನ ಸಂಖ್ಯೆ 8086, ಅವರ ಹಳೆಯ ಪ್ರೊಸೆಸರ್‌ನ ಹೆಸರೇ. ರೇಡ್ ಕಾರ್ಡುಗಳಲ್ಲಿ ನನಗೆ ಹೆಚ್ಚಾಗಿ ಎದುರಾಗುವುದು 1000, ಅದು ಎಲ್‌ಎಸ್‌ಐ ಕಂಪನಿಯದು. ಈಗ ಬ್ರಾಡ್‌ಕಾಮ್‌ಗೆ ಸೇರಿದೆ. ಡೆಲ್‌ನ ಹೆಸರು ಹೊತ್ತ ಪರ್ಕ್ ಕಾರ್ಡುಗಳಲ್ಲಿ ಹಲವು ಒಳಗೆ ಇದೇ ಮನೆತನದವು.

ಈ ಪಟ್ಟಿಯನ್ನು ಓದುವುದು ಹೀಗೆ. ಕಾರ್ಡಿನ ಹೆಸರೇ ಇಲ್ಲವೇ? ಕಾರ್ಡ್ ಸ್ಲಾಟಿನಲ್ಲಿ ಸರಿಯಾಗಿ ಕೂತಿಲ್ಲ, ಇಲ್ಲ ಬಯೋಸ್‌ನಲ್ಲಿ ಮುಚ್ಚಿಹೋಗಿದೆ, ಇಲ್ಲ ಸತ್ತಿದೆ. ಹೆಸರಿದೆ, ಆದರೆ 'ಬಳಕೆಯಲ್ಲಿರುವ ಡ್ರೈವರ್' ಎಂಬ ಸಾಲಿಲ್ಲವೇ? ಭಾಷೆಯ ತೊಂದರೆ. ಡ್ರೈವರ್ ಕೂಡ ಇದೆ, ಆದರೂ ಡಿಸ್ಕ್ ಇಲ್ಲವೇ? ಹಾಗಾದರೆ ಕಾರ್ಡಿನ ಮೆನುವಿಗೆ ಮರಳಿ. ವರ್ಚುವಲ್ ಡಿಸ್ಕ್ ಕಟ್ಟಿಲ್ಲ ಅಥವಾ ಅದು 'ಆಫ್‌ಲೈನ್' ಆಗಿದೆ. ಇಷ್ಟು ತಿಳಿದಿದ್ದರೆ ಅರ್ಧ ರಾತ್ರಿಯ ಅಲೆದಾಟ ಉಳಿಯುತ್ತದೆ.

ಸಂಘದಲ್ಲಿ ಕಂಡದ್ದು ಎರಡನೆಯ ಬಗೆ. ಅವರು ಹಾಕುತ್ತಿದ್ದದ್ದು ರಾಕಿ ಲಿನಕ್ಸ್ 8. ಅದರ ಮೂಲ, 2019ರ ಮೇ ತಿಂಗಳಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8. ಆ ಆವೃತ್ತಿಯಲ್ಲಿ ರೆಡ್ ಹ್ಯಾಟ್ ಹಳೆಯ ರೇಡ್ ಕಾರ್ಡುಗಳನ್ನು ಸಾಲುಸಾಲಾಗಿ ಕೈಬಿಟ್ಟಿತು. ಗಮನಿಸಬೇಕಾದದ್ದೆಂದರೆ, ಎಷ್ಟೋ ಕಾರ್ಡುಗಳ ಮಟ್ಟಿಗೆ ಡ್ರೈವರ್ ಅಲ್ಲೇ ಇದೆ. ಆ ಡ್ರೈವರ್ ಇಟ್ಟುಕೊಂಡಿರುವ ಗುರುತಿನ ಸಂಖ್ಯೆಗಳ ಪಟ್ಟಿಯಿಂದ ಹಳೆಯ ಮಾದರಿಯ ಸಂಖ್ಯೆಯನ್ನು ಮಾತ್ರ ತೆಗೆದಿದ್ದಾರೆ. ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದವರು ಮತಗಟ್ಟೆಯವರೆಗೆ ಬಂದು ಹಿಂತಿರುಗಿದ ಹಾಗೆ ಕಾರ್ಡ್ ಹಿಂತಿರುಗುತ್ತದೆ. ಕಂಪನಿಗೆ ಅದರ ಕಾರಣಗಳಿವೆ, ಹಳೆಯ ಸಾಮಾನನ್ನೆಲ್ಲ ವರ್ಷಗಟ್ಟಲೆ ಪರೀಕ್ಷಿಸುತ್ತ ಹೊಣೆ ಹೊರಲು ಆಗುವುದಿಲ್ಲ. ಆದರೆ ಬಳಸಿದ ಸರ್ವರ್ ಕೊಂಡು ಸಂಸ್ಥೆ ನಡೆಸುವ ನಮ್ಮ ಊರುಗಳ ಮಟ್ಟಿಗೆ, ಚೆನ್ನಾಗಿ ಓಡುತ್ತಿದ್ದ ಯಂತ್ರವೊಂದು ಒಂದು ಸಾಲು ಅಳಿಸಿದ್ದಕ್ಕೆ ನಿಷ್ಪ್ರಯೋಜಕವಾಗುವುದನ್ನು ನನಗೆ ಒಪ್ಪಲಾಗುವುದಿಲ್ಲ. ಅಲ್ಮಾಲಿನಕ್ಸ್‌ನವರು 2024ರ 9.4 ಆವೃತ್ತಿಯಲ್ಲಿ ಇಂಥ ಹಲವು ಹಳೆಯ ಕಾರ್ಡುಗಳಿಗೆ ಬೆಂಬಲವನ್ನು ಮರಳಿ ಸೇರಿಸಿದರು. ಅದು ಮೆಚ್ಚತಕ್ಕ ಕೆಲಸ.

ಪರಿಹಾರ ಕಷ್ಟದ್ದಲ್ಲ. ಎಲ್‌ರೆಪೊ ಎಂಬ ಸ್ವಯಂಸೇವಕರ ಬಳಗ ರೆಡ್ ಹ್ಯಾಟ್ ಕುಟುಂಬದ ಲಿನಕ್ಸ್‌ಗಳಿಗೆ ಹೀಗೆ ಕೈಬಿಟ್ಟ ಡ್ರೈವರ್‌ಗಳನ್ನು ಕಟ್ಟಿ ಕೊಡುತ್ತದೆ. ಇನ್‌ಸ್ಟಾಲ್ ಸಮಯಕ್ಕೆಂದೇ 'ಡ್ರೈವರ್ ಡಿಸ್ಕ್' ಎಂಬ ಚಿಕ್ಕ ಫೈಲ್ ಇರುತ್ತದೆ. ಅದನ್ನು ಇನ್ನೊಂದು ಪೆನ್‌ಡ್ರೈವ್‌ಗೆ ಬರೆದು, ಬೂಟ್ ಆಗುವಾಗ ಬೂಟ್ ಸಾಲಿನ ಕೊನೆಗೆ 'ಐಎನ್‌ಎಸ್‌ಟಿ ಚುಕ್ಕಿ ಡಿಡಿ' ಎಂಬ ಆಯ್ಕೆ ಸೇರಿಸಿದರೆ ಇನ್‌ಸ್ಟಾಲರ್ ಡ್ರೈವರ್ ಎಲ್ಲಿದೆಯೆಂದು ಕೇಳುತ್ತದೆ. ಪೆನ್‌ಡ್ರೈವ್‌ಗೆ 'ಓಇಎಂಡಿಆರ್‌ವಿ' ಎಂಬ ಲೇಬಲ್ ಇದ್ದರೆ ಕೇಳದೆಯೇ ತೆಗೆದುಕೊಳ್ಳುತ್ತದೆ. ಎಡವುವುದು ಆವೃತ್ತಿಯಲ್ಲಿ. 8 ಎಂದರೆ ಸಾಲದು, 8ರ ಯಾವ ಉಪ ಆವೃತ್ತಿ ಎಂಬುದೂ ಹೊಂದಬೇಕು. ಸಂಘದ ಹುಡುಗನೊಬ್ಬ ಮೊದಲ ಸಲ ಬೇರೆ ಉಪ ಆವೃತ್ತಿಯ ಫೈಲ್ ಇಳಿಸಿಕೊಂಡಿದ್ದ. ಪಟ್ಟಿ ಖಾಲಿಯಾಗೇ ಉಳಿಯಿತು. ಸರಿಯಾದದ್ದನ್ನು ಬರೆದು ಮತ್ತೆ ಬೂಟ್ ಮಾಡಿದಾಗ ಹನ್ನೊಂದೂವರೆ. 5.46 ಟಿಬಿಯ ಒಂದು ಡಿಸ್ಕ್ ಕಂಡಿತು. ಕಾರ್ಯದರ್ಶಿಗೆ ಆಗಲೂ ಅನುಮಾನ: "ಎರಡೆರಡರ ನಾಲ್ಕು ಅಂದ್ರೆ ಎಂಟಲ್ವಾ ಸಾರ್?" ರೇಡ್ 5ರಲ್ಲಿ ಒಂದು ಡಿಸ್ಕಿನಷ್ಟು ಜಾಗ ತಾಳೆ ಲೆಕ್ಕಕ್ಕೆ ಹೋಗುತ್ತದೆ, ಉಳಿದದ್ದು ಆರು. ಡಿಸ್ಕ್ ಮಾಡುವವರು ಸಾವಿರದಿಂದ ಲೆಕ್ಕ ಹಾಕುತ್ತಾರೆ, ಇನ್‌ಸ್ಟಾಲರ್ 1024ರಿಂದ. ಆರು 5.46 ಆಗುವುದು ಹಾಗೆ. ಏನೂ ಕಳೆದಿರಲಿಲ್ಲ.

ಇದೇ ಮಾತಿಗೆ ಸೇರಿದ ಒಂದು ಎಚ್ಚರಿಕೆ. ಹೀಗೆ ಹೊರಗಿನ ಡ್ರೈವರ್ ಹಾಕಿದ ಸರ್ವರ್‌ನಲ್ಲಿ ಕಣ್ಣು ಮುಚ್ಚಿ ಅಪ್‌ಡೇಟ್ ಕೊಡಬಾರದು. ಉಪ ಆವೃತ್ತಿ ಬದಲಾದಾಗ ಹಳೆಯ ಡ್ರೈವರ್ ಹೊಸ ಕರ್ನೆಲ್ಲಿಗೆ ಹೊಂದದೆ ಹೋಗಬಹುದು, ಮರುದಿನ ಬೆಳಿಗ್ಗೆ ಸರ್ವರ್ ಬೂಟ್ ಆಗದೆ ನಿಲ್ಲಬಹುದು. ಹೊಸ ಆವೃತ್ತಿಗೆ ಡ್ರೈವರ್ ಬಂದಿದೆಯೇ ಎಂದು ಖಾತ್ರಿ ಮಾಡಿಕೊಂಡೇ ಮುಂದುವರಿಯಬೇಕು. ಇಷ್ಟು ಪಾಡು ಬೇಡವೆನ್ನುವವರು ಡೆಬಿಯನ್ ಅಥವಾ ಉಬುಂಟು ಸರ್ವರ್ ಬೂಟ್ ಮಾಡಿ ನೋಡಲಿ. ಆ ಕರ್ನೆಲ್‌ಗಳಲ್ಲಿ ಈ ಹಳೆಯ ಸಂಖ್ಯೆಗಳು ಹಾಗೇ ಉಳಿದಿವೆ.

ವಿಂಡೋಸ್ ಸರ್ವರ್ ಬಳಸುವವರ ಕಥೆಯೂ ಮೂಲದಲ್ಲಿ ಇದೇ. ಸರ್ವರ್ 2003ರ ಕಾಲದಲ್ಲಿ ಸೆಟಪ್ ಶುರುವಾದ ಕೂಡಲೇ ಎಫ್6 ಒತ್ತಿ ಫ್ಲಾಪಿಯಿಂದ ಡ್ರೈವರ್ ಕೊಡಬೇಕಿತ್ತು. ಆ ಒಂದು ಫ್ಲಾಪಿಗಾಗಿ ನಾನು ಊರೆಲ್ಲ ಸುತ್ತಿದ ದಿನಗಳಿವೆ. 2008ರಿಂದೀಚೆಗೆ 'ಲೋಡ್ ಡ್ರೈವರ್' ಎಂಬ ಗುಂಡಿ ಒತ್ತಿ ಪೆನ್‌ಡ್ರೈವ್ ತೋರಿಸಿದರೆ ಆಯಿತು. ಹೆಚ್ಚಿನವರು ಕಂಪನಿಯಿಂದ ಇಳಿಸಿಕೊಂಡ ಜಿಪ್ ಅಥವಾ ಇಎಕ್ಸ್‌ಇ ಫೈಲನ್ನು ಹಾಗೇ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಂದು, ಸೆಟಪ್‌ಗೆ ಏನೂ ಸಿಗುತ್ತಿಲ್ಲ ಎನ್ನುತ್ತಾರೆ. ಅದನ್ನು ಬೇರೊಂದು ಕಂಪ್ಯೂಟರಿನಲ್ಲಿ ಬಿಡಿಸಿ, ಒಳಗಿನ ಐಎನ್‌ಎಫ್ ಫೈಲ್ ಇರುವ ಫೋಲ್ಡರನ್ನೇ ತೋರಿಸಬೇಕು.

ಲ್ಯಾಪ್‌ಟಾಪ್ ಇರುವವರೂ ಇಲ್ಲಿ ಕಿವಿಗೊಡಿ. ಇಂಟೆಲ್‌ನ 11ನೇ ತಲೆಮಾರಿನಿಂದ ಈಚಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಎಂಬ ಏರ್ಪಾಟು ಚಾಲೂ ಇರುತ್ತದೆ. ಒಂದೇ ಎಸ್‌ಎಸ್‌ಡಿ ಇದ್ದರೂ ಅದು ರೇಡ್ ಕಾರ್ಡಿನ ಹಾಗೆ ನಡುವೆ ನಿಲ್ಲುತ್ತದೆ. ಹೊಸದಾಗಿ ವಿಂಡೋಸ್ ಹಾಕಲು ಹೋದರೆ ಡ್ರೈವ್ ಇಲ್ಲವೆನ್ನುವುದು ಅದಕ್ಕೇ. ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಕೊಟ್ಟರೆ ಕಾಣುತ್ತದೆ. ಬಯೋಸ್‌ನಲ್ಲಿ ವಿಎಂಡಿ ಆಫ್ ಮಾಡಿದರೂ ಕಾಣುತ್ತದೆ, ಆದರೆ ಈಗಾಗಲೇ ಇರುವ ವಿಂಡೋಸ್ ಹಾಗೇ ಉಳಿಯಬೇಕೆಂದಿದ್ದರೆ ಆ ಕೆಲಸ ಮಾಡಬೇಡಿ, ಅದು ನೀಲಿ ಪರದೆಗೆ ಬಂದು ನಿಲ್ಲುತ್ತದೆ.

ಡಿಸ್ಕ್ ಕಾಣುತ್ತದೆ ಆದರೆ 2 ಟಿಬಿಗಿಂತ ಮುಂದೆ ಬಳಸಲು ಬಿಡುತ್ತಿಲ್ಲ ಎಂದರೆ ಅದು ಎಂಬಿಆರ್ ಎಂಬ ಹಳೆಯ ಪಾರ್ಟಿಷನ್ ಪದ್ಧತಿಯ ಮಿತಿ. ಜಿಪಿಟಿಗೆ ಹೋಗಿ, ವಿಂಡೋಸ್ ಆದರೆ ಯುಇಎಫ್‌ಐನಲ್ಲೇ ಬೂಟ್ ಮಾಡಿ. ಹಲವು ಕಾರ್ಡುಗಳಲ್ಲಿ ಅದೇ ಡಿಸ್ಕುಗಳ ಮೇಲೆ ಆಪರೇಟಿಂಗ್ ಸಿಸ್ಟಮ್‌ಗೆಂದು ನೂರು ಜಿಬಿಯ ಚಿಕ್ಕ ವರ್ಚುವಲ್ ಡಿಸ್ಕ್, ದಾಖಲೆಗಳಿಗೆಂದು ದೊಡ್ಡದು ಎಂದು ಎರಡು ಕಟ್ಟಬಹುದು. ನಾನು ಮಾಡುವುದು ಹಾಗೆಯೇ.

ಇನ್ನು ನಾನು ನಿಜವಾಗಿ ಹೇಳಬೇಕೆಂದಿರುವ ಸಂಗತಿ. ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನಿಂದ ಕರೆ ಬಂತು. ಅವರ ಸರ್ವರ್‌ನ ಮದರ್‌ಬೋರ್ಡ್ ಸುಟ್ಟಿತ್ತು. ಅದೇ ಮಾದರಿಯ ಇನ್ನೊಂದು ಸರ್ವರ್ ತಂದು ಡಿಸ್ಕುಗಳನ್ನು ಅದಕ್ಕೆ ಹಾಕಿದ್ದರು. ಯೋಚನೆ ಸರಿಯಾಗಿಯೇ ಇತ್ತು. ಕಾರ್ಡ್ ತಾನು ಕಟ್ಟಿದ ರೇಡ್‌ನ ವಿವರವನ್ನು, ಅಂದರೆ ಯಾವ ಡಿಸ್ಕ್ ಎಷ್ಟನೆಯದು, ತುಂಡುಗಳ ಅಳತೆ ಏನು ಎಂಬುದನ್ನು, ಪ್ರತಿ ಡಿಸ್ಕಿನ ಒಂದು ಮೂಲೆಯಲ್ಲಿ ಬರೆದಿಟ್ಟಿರುತ್ತದೆ. ಹಾಗಾಗಿ ಅದೇ ಮನೆತನದ ಇನ್ನೊಂದು ಕಾರ್ಡ್ ಅದನ್ನು ಓದಿಕೊಳ್ಳಬಲ್ಲದು. ಹೊಸ ಕಾರ್ಡ್ 'ಫಾರಿನ್ ಕಾನ್ಫಿಗರೇಷನ್' ಸಿಕ್ಕಿದೆ ಎಂದು ಹೇಳಿತು, ಅಂದರೆ ಬೇರೆ ಮನೆಯಿಂದ ಬಂದ ಡಿಸ್ಕುಗಳಿವು ಎಂದು. ಆಯ್ಕೆ ಎರಡು: ಇಂಪೋರ್ಟ್, ಕ್ಲಿಯರ್. ಡಿಸ್ಕ್ ಕಾಣದೆ ತಲೆ ಕೆಟ್ಟಿದ್ದ ತಂತ್ರಜ್ಞ, 'ಫಾರಿನ್' ಎಂಬ ಪದ ನೋಡಿ ಏನೋ ಬೇಡದ್ದು ಸೇರಿಕೊಂಡಿದೆ ಎಂದುಕೊಂಡು ಕ್ಲಿಯರ್ ಒತ್ತಿದ.

ಅಷ್ಟಕ್ಕೇ ನಿಂತಿದ್ದರೂ ಉಳಿಸಬಹುದಿತ್ತು. ಕ್ಲಿಯರ್ ಅಳಿಸುವುದು ಆ ಮೂಲೆಯ ವಿವರವನ್ನು ಮಾತ್ರ, ಒಳಗಿನ ಮಾಹಿತಿ ಹಾಗೇ ಇರುತ್ತದೆ. ಡಿಸ್ಕುಗಳ ಕ್ರಮವೂ ತುಂಡಿನ ಅಳತೆಯೂ ಗೊತ್ತಿದ್ದರೆ ಬಲ್ಲವರು ಮರಳಿ ಜೋಡಿಸಬಹುದು. ಆದರೆ ಆತ ಹೊಸದಾಗಿ ವರ್ಚುವಲ್ ಡಿಸ್ಕ್ ಕಟ್ಟಿ, ಕಾರ್ಡ್ ಕೇಳಿದ್ದಕ್ಕೆ ಪೂರ್ತಿ ಇನಿಷಿಯಲೈಸ್ ಕೊಟ್ಟುಬಿಟ್ಟಿದ್ದ. ನಾನು ಹೋಗಿ ತಲುಪುವ ಹೊತ್ತಿಗೆ ಅದು ಮುಗಿದಿತ್ತು. ಮಕ್ಕಳ ನಾಲ್ಕು ವರ್ಷದ ಅಂಕಗಳ ದಾಖಲೆ ಇದ್ದ ಜಾಗದಲ್ಲಿ ಮೊದಲಿಂದ ಕೊನೆಯವರೆಗೆ ಸೊನ್ನೆ. ಬ್ಯಾಕಪ್ ಹನ್ನೊಂದು ತಿಂಗಳು ಹಳೆಯದು. ಪ್ರಾಂಶುಪಾಲರು "ಡಿಸ್ಕ್ ಈಗ ಕಾಣ್ತಿದೆಯಲ್ಲ, ಒಳಗಿಂದು ಎಲ್ಲಿ ಹೋಯ್ತು?" ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಇನಿಷಿಯಲೈಸ್ ಎಂಬ ಒಂದೇ ಪದ ಎರಡು ಕಡೆ ಬರುವುದು ಈ ಗೊಂದಲವನ್ನು ಇನ್ನಷ್ಟು ಹೆಚ್ಚಿಸುತ್ತದೆ. ವಿಂಡೋಸ್ ಹೊಸ ಡಿಸ್ಕ್ ಕಂಡಾಗ ಕೇಳುವ ಇನಿಷಿಯಲೈಸ್ ಪಾರ್ಟಿಷನ್ ಪಟ್ಟಿಯನ್ನಷ್ಟೇ ಬರೆಯುತ್ತದೆ. ಕಾರ್ಡಿನ ಮೆನುವಿನ 'ಫಾಸ್ಟ್' ಇನಿಷಿಯಲೈಸ್ ಡಿಸ್ಕಿನ ಮೊದಲ ಮತ್ತು ಕೊನೆಯ ಕೆಲವು ಎಂಬಿಯನ್ನು ಅಳಿಸುತ್ತದೆ. ಅಲ್ಲಿನ 'ಫುಲ್' ಇನಿಷಿಯಲೈಸ್ ಎಲ್ಲವನ್ನೂ ಅಳಿಸುತ್ತದೆ, ಅದಾದ ಮೇಲೆ ಯಾವ ಡೇಟಾ ರಿಕವರಿ ಅಂಗಡಿಗೆ ಹೋದರೂ ಪ್ರಯೋಜನವಿಲ್ಲ. ಒಳಗೆ ದಾಖಲೆ ಇರುವ ಡಿಸ್ಕಿನ ಮೇಲೆ ಈ ಮೂರರಲ್ಲಿ ಯಾವುದೂ ಬೇಡ. ಇಂಪೋರ್ಟ್ ಕೂಡ ಒಮ್ಮೆ ನೋಡಿಯೇ ಒತ್ತಬೇಕು: ತಿಂಗಳ ಹಿಂದೆ ಗುಂಪಿನಿಂದ ಬಿಟ್ಟುಹೋಗಿದ್ದ ಡಿಸ್ಕ್ ಒಂದು ಹಳಸಲು ಮಾಹಿತಿಯೊಂದಿಗೆ ನಡುವೆ ಸೇರಿಕೊಂಡಿರಬಹುದು. ಏನೇನು ಸೇರಲಿದೆ ಎಂಬುದನ್ನು ಮೊದಲೇ ತೋರಿಸುವ ಪ್ರಿವ್ಯೂ ಹಲವು ಕಾರ್ಡುಗಳಲ್ಲಿದೆ.

ಅಗ್ಗದ ಮದರ್‌ಬೋರ್ಡುಗಳಲ್ಲಿ ಬರುವ 'ರೇಡ್' ಬಗ್ಗೆ ಕೇಳುವವರಿಗೆ: ಅಲ್ಲಿ ಪ್ರತ್ಯೇಕ ಕಾರ್ಡ್ ಇರುವುದಿಲ್ಲ, ಕೆಲಸವೆಲ್ಲ ಡ್ರೈವರ್‌ನದೇ. ಬಯೋಸ್‌ನಲ್ಲಿ ರೇಡ್ 1 ಮಾಡಿದ್ದರೂ ಲಿನಕ್ಸ್ ಎರಡು ಬಿಡಿ ಡಿಸ್ಕನ್ನೇ ತೋರಿಸಬಹುದು. ಇಂಟೆಲ್‌ನದಾದರೆ ಲಿನಕ್ಸ್‌ನದೇ ರೇಡ್ ಸಾಫ್ಟ್‌ವೇರ್ ಆದ ಎಂಡಿ-ಅಡ್ಮಿನ್‌ಗೆ ಅರ್ಥವಾಗುತ್ತದೆ, ಬೇರೆಯವಕ್ಕೆ ಭರವಸೆಯಿಲ್ಲ. ತಿಳಿಯದೆ ಒಂದು ಡಿಸ್ಕಿಗೆ ಇನ್‌ಸ್ಟಾಲ್ ಮಾಡಿದರೆ ಜೋಡಿ ಅಲ್ಲಿಗೆ ಮುರಿಯಿತು.

ಹೊಸದಾಗಿ ಸರ್ವರ್ ಕೊಳ್ಳುವ ಚಿಕ್ಕ ಸಂಸ್ಥೆಗಳಿಗೆ ನನ್ನ ಸಲಹೆ ಇಷ್ಟು. ಲಿನಕ್ಸ್ ಬಳಸುತ್ತೀರಾದರೆ ಡಿಸ್ಕುಗಳನ್ನು ಬಿಡಿಬಿಡಿಯಾಗಿಯೇ ತೋರಿಸುವ ಸಾದಾ ಎಚ್‌ಬಿಎ ಕಾರ್ಡ್ ಕೊಳ್ಳಿ, ರೇಡ್ ಕೆಲಸವನ್ನು ಲಿನಕ್ಸ್‌ನ ಎಂಡಿ-ಅಡ್ಮಿನ್‌ಗೆ ಬಿಡಿ. ಹಾರ್ಡ್‌ವೇರ್ ಕಾರ್ಡ್ ಸತ್ತರೆ ಅದೇ ಮನೆತನದ ಕಾರ್ಡ್ ಹುಡುಕಬೇಕು. ಎಂಡಿ-ಅಡ್ಮಿನ್ ಕಟ್ಟಿದ ಡಿಸ್ಕುಗಳನ್ನು ಯಾವ ಲಿನಕ್ಸ್ ಯಂತ್ರಕ್ಕೆ ಹಾಕಿದರೂ ಓದುತ್ತದೆ. ಬ್ಯಾಟರಿ ಇರುವ ಕ್ಯಾಶ್, ಭಾರಿ ವೇಗ ಬೇಕಾದ ದೊಡ್ಡ ಡೇಟಾಬೇಸ್‌ಗಳ ಮಾತು ಬೇರೆ. ನೂರಿನ್ನೂರು ಖಾತೆದಾರರ ಸಂಘಕ್ಕೆ ಅದರ ಅಗತ್ಯ ನಾನು ಕಂಡಿಲ್ಲ. ಮತ್ತೆ, ಯಾವ ರೇಡ್ ಕೂಡ ಬ್ಯಾಕಪ್ ಅಲ್ಲ. ತಪ್ಪಿ ಅಳಿಸಿದ ಫೈಲನ್ನು ರೇಡ್ 1 ಎರಡೂ ಡಿಸ್ಕಿನಿಂದ ಏಕಕಾಲಕ್ಕೆ ಅಳಿಸುತ್ತದೆ.

ಈಗಾಗಲೇ ಸರ್ವರ್ ಓಡಿಸುತ್ತಿರುವವರು ಈ ವಾರ ಒಂದು ಕೆಲಸ ಮಾಡಿ. ಎಲ್ಲ ಸರಿಯಿರುವಾಗಲೇ ಕಾರ್ಡಿನ ಮೆನುವಿನ ಪರದೆಗಳ ಫೋಟೊ ತೆಗೆದು, ಮಾದರಿಯ ಹೆಸರು, ರೇಡ್ ಬಗೆ, ತುಂಡಿನ ಅಳತೆ ಒಂದು ಹಾಳೆಯಲ್ಲಿ ಬರೆದು ಸರ್ವರ್ ಪಕ್ಕದ ಗೋಡೆಗೆ ಅಂಟಿಸಿ. ಪ್ರತಿ ಟ್ರೇ ಮೇಲೂ ಮಾರ್ಕರ್‌ನಿಂದ ಸ್ಲಾಟಿನ ಸಂಖ್ಯೆ ಬರೆಯಿರಿ. ಡಿಸ್ಕ್ ಕಾಣದ ದಿನ ಬಂದರೆ ಏನನ್ನೂ ಒತ್ತುವ ಮೊದಲು ಆ ಪರದೆಯ ಫೋಟೊ ತೆಗೆದು, ಗೋಡೆಯ ಹಾಳೆಯೊಂದಿಗೆ ಬಲ್ಲವರಿಗೆ ಕಳಿಸಿ.